ನೋಡುವವರಿಗೆ ‘ಗಮನಾರ್ಹ’ ಅನ್ನಬೇಡಿ

ಧಾರವಾಡದ ಡಿಟಿಪಿ ಅಂಗಡಿಗಳಿಂದ ತಿದ್ದುವುದಕ್ಕೆ ಬರುವ ಬಯೋಡಾಟಾ, ಶಿಫಾರಸು ಪತ್ರಗಳಲ್ಲಿ ಒಂದು ವಾಕ್ಯ ತಪ್ಪದೇ ಇರುತ್ತದೆ: ‘ಇವರು ಅತ್ಯಂತ ಗಮನಾರ್ಹ ವ್ಯಕ್ತಿ.’ ಬರೆದವರ ಮನಸ್ಸಿನಲ್ಲಿರುವುದು ಇಂಗ್ಲಿಷಿನ ‘ಅಬ್ಸರ್ವಂಟ್’, ಅಂದರೆ ಸಣ್ಣಪುಟ್ಟದ್ದನ್ನೂ ಬಿಡದೆ ಗಮನಿಸುವವರು. ಕಾಗದದ ಮೇಲೆ ಬಂದಿರುವುದು ಅದರ ಉಲ್ಟಾ.

‘ಅರ್ಹ’ ಹತ್ತಿದ ಇಂಥ ಪದ ಸಾಮಾನ್ಯವಾಗಿ ಕ್ರಿಯೆಗೆ ಒಳಗಾಗುವವರನ್ನು ಹೇಳುತ್ತದೆ, ಮಾಡುವವರನ್ನಲ್ಲ. ದಂಡಾರ್ಹ ಎಂದರೆ ದಂಡ ತೆರಬೇಕಾದವನು. ರಸೀದಿ ಹರಿದುಕೊಡುವ ಪೊಲೀಸನಲ್ಲ. ‘ಅನೀಯ’ ಪ್ರತ್ಯಯದ್ದೂ ಅದೇ ದಾರಿ. ಗದಗಿನ ತ್ರಿಕೂಟೇಶ್ವರ ಗುಡಿ ಪ್ರೇಕ್ಷಣೀಯ. ನೋಡಲು ಹೋದ ನೀವು ಪ್ರೇಕ್ಷಕರು. ಪೂಜನೀಯ ಅನ್ನಿಸಿಕೊಳ್ಳುವುದು ದೇವರು, ಆರತಿ ಎತ್ತುವ ಪೂಜಾರಿಯಲ್ಲ. ಅನುಮಾನ ಬಂದರೆ ‘ತಕ್ಕ’ ಹಚ್ಚಿ ನೋಡಿ. ‘ಗಮನಿಸತಕ್ಕ ಸಾಧನೆ’, ‘ಗಮನಿಸತಕ್ಕ ಬದಲಾವಣೆ’ ಸರಿಯಾಗಿ ಕೂಡುತ್ತವೆ, ಹಾಗಾಗಿ ಅಲ್ಲಿ ಗಮನಾರ್ಹ ಸರಿ. ‘ಗಮನಿಸತಕ್ಕ ನರ್ಸ್’ ಎಂದರೆ ಮಾತ್ರ ವಾರ್ಡಿನವರೆಲ್ಲ ರೋಗಿಯನ್ನು ಬಿಟ್ಟು ಆಕೆಯನ್ನೇ ನೋಡಬೇಕು! ಸನ್ಮಾನಪತ್ರದಲ್ಲಿ ಸಾಧಕರನ್ನು ಗಮನಾರ್ಹರು ಎಂದರೆ ತಕರಾರಿಲ್ಲ. ನೌಕರಿಯ ಅರ್ಜಿಯಲ್ಲಿ ತಕರಾರಿದೆ. ಇಷ್ಟು ಹೇಳಿದ ಮೇಲೂ ‘ಇರ್ಲಿ ಬಿಡ್ರಿ ಸರ್, ಗಮನಾರ್ಹ ಅಂದ್ರ ತೂಕ ಬರ್ತದ’ ಎನ್ನುವವರಿದ್ದಾರೆ.

ಹಾಗಾದರೆ ‘ಗಮನಿಸುವ’ ಅಂತ ಬರೆದರೆ ಮುಗಿಯಿತೇ? ಪೂರ್ತಿ ಅಲ್ಲ. ಕನ್ನಡದ ಕೃದಂತ ವಿಶೇಷಣ, ಅಂದರೆ ಕ್ರಿಯಾಪದದಿಂದ ಆದ ವಿಶೇಷಣ, ಎರಡೂ ಕಡೆ ವಾಲುತ್ತದೆ. ‘ಶಿಕ್ಷಕರು ಗಮನಿಸಿದ ಹುಡುಗ’ನ ಮೇಲೆ ಶಿಕ್ಷಕರ ಕಣ್ಣು ಬಿದ್ದಿದೆ. ‘ಶಿಕ್ಷಕರನ್ನು ಗಮನಿಸಿದ ಹುಡುಗ’ ತಾನೇ ನೋಡಿದ್ದಾನೆ. ನಡುವೆ ಇರುವುದು ಒಂದು ‘ಅನ್ನು’, ಅವಸರದ ಟೈಪಿಂಗಿನಲ್ಲಿ ಮೊದಲು ಬಿದ್ದುಹೋಗುವುದೂ ಅದೇ. ಆದ್ದರಿಂದ ಏನನ್ನು ಗಮನಿಸುತ್ತಾರೆ ಎಂಬುದನ್ನು ವಿಭಕ್ತಿ ಸಮೇತ ಬರೆಯಿರಿ: ‘ರೋಗಿಯ ಉಸಿರಾಟದಲ್ಲಿ ಆಗುವ ಸಣ್ಣ ಬದಲಾವಣೆಯನ್ನೂ ಗಮನಿಸುವ ನರ್ಸ್.’ ರೂಢಿ ಎಂದು ತೋರಿಸಲು ‘ಗಮನಿಸುವ’, ಸಾಮರ್ಥ್ಯ ತೋರಿಸಲು ‘ಗಮನಿಸಬಲ್ಲ’. ‘ಗಮನಿಸಿದ’ ಎಂದರೆ ಒಮ್ಮೆ ಗಮನಿಸಿದ್ದು ಅಷ್ಟೇ, ಸ್ವಭಾವ ಆಗುವುದಿಲ್ಲ.

ಬರೀ ‘ಸೂಕ್ಷ್ಮ’ ಎಂದು ಬಿಡುವವರೂ ಉಂಟು. ನಮ್ಮ ಕಡೆ ‘ಆಕಿ ಭಾಳ ಸೂಕ್ಷ್ಮ’ ಎಂದರೆ ಮಾತು ತಡೆಯುವವಳಲ್ಲ, ಇಲ್ಲವೇ ಪ್ರಕೃತಿ ನಾಜೂಕು ಎಂದು ತಿಳಿಯುವವರೇ ಹೆಚ್ಚು. ‘ಸೂಕ್ಷ್ಮಗ್ರಾಹಿ’ ನಡೆದೀತು, ಸ್ವಲ್ಪ ಗ್ರಾಂಥಿಕ. ‘ಹದ್ದಿನ ಕಣ್ಣು’ ಕಾವಲಿನವರಿಗೆ ಒಪ್ಪುತ್ತದೆ, ಬಾಲವಾಡಿ ಶಿಕ್ಷಕಿಗೆ ಒಪ್ಪುವುದಿಲ್ಲ. ‘ಎಲ್ಲದರ ಮೇಲೆ ಕಣ್ಣಿಡುವ ಕ್ಯಾಷಿಯರ್’ ಎಂದು ದಯವಿಟ್ಟು ಬರೆಯಬೇಡಿ.

‘ಅಬ್ಸರ್ವಂಟ್’ ಪದಕ್ಕೆ ಇನ್ನೊಂದು ಅರ್ಥವಿದೆ, ಅನುವಾದಕರು ಜಾರುವುದು ಅಲ್ಲೇ. ಇಂಗ್ಲಿಷಿನಲ್ಲಿ ಅದರ ಮೂಲವಾದ ‘ಅಬ್ಸರ್ವ್’ ಕ್ರಿಯಾಪದ ನೋಡುವುದಕ್ಕೂ ಆಗುತ್ತದೆ, ನಿಯಮ ಪಾಲಿಸುವುದಕ್ಕೂ ಆಗುತ್ತದೆ. ಶನಿವಾರದ ಸಬ್ಬತ್ತನ್ನೂ (ವಿಶ್ರಾಂತಿಯ ದಿನ) ಆಹಾರದ ಕಟ್ಟಳೆಗಳನ್ನೂ ತಪ್ಪದೆ ನಡೆಸುವ ಯಹೂದಿಯನ್ನು ಇಂಗ್ಲಿಷಿನವರು ‘ಅಬ್ಸರ್ವಂಟ್’ ಎನ್ನುತ್ತಾರೆ. ಕನ್ನಡಕ್ಕೆ ಬಂದಾಗ ಆತ ‘ಆಚಾರನಿಷ್ಠ’ ಆಗಬೇಕು, ‘ಗಮನಿಸುವ ಯಹೂದಿ’ ಅಲ್ಲ. ‘ಎರಡು ನಿಮಿಷ ಮೌನ ಗಮನಿಸಲಾಯಿತು’ ಎಂಬ ವರದಿಯೂ ಇದೇ ಗೊಂದಲದ ಕೂಸು, ಮೌನ ಆಚರಿಸುವಂಥದ್ದು. ಪದದ ಮುಂದೆ ಧರ್ಮ, ಹಬ್ಬ, ವ್ರತ, ಕಾಯಿದೆ ಬಂದಿದ್ದರೆ ಪಾಲಿಸುವ ಅರ್ಥವನ್ನು ಮೊದಲು ಪರೀಕ್ಷಿಸಿ. ಎಲ್ಲ ಸಂದರ್ಭಕ್ಕೂ ಇದೇ ಲೆಕ್ಕ ಎನ್ನಲಾರೆ, ಬಹುಪಾಲು ಕಡೆ ಕೆಲಸ ಮಾಡುತ್ತದೆ.

ವಿಶೇಷಣವನ್ನೇ ಕೈಬಿಟ್ಟರೆ ಇನ್ನೂ ಚಲೋ. ಬ್ಯಾಡಗಿ ಕಡೆಯ ಹುಡುಗನೊಬ್ಬ ಕೃಷಿ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ ಎನ್ನಿ. ‘ಮೆಣಸಿನ ಗಿಡದ ಎಲೆ ಮೇಲಕ್ಕೆ ಮುದುಡಿದೆಯೋ ಕೆಳಕ್ಕೋ ನೋಡಿ, ಥ್ರಿಪ್ಸ್ ಬಾಧೆಯೋ ಮೈಟ್ ಬಾಧೆಯೋ ಎಂದು ಗುರುತಿಸುತ್ತಾನೆ’ ಎಂದು ಶಿಫಾರಸು ಮಾಡುವವರು ಬರೆಯಲಿ. ಥ್ರಿಪ್ಸ್ ಎಂಬ ಸಣ್ಣ ಕೀಟ ಹತ್ತಿದರೆ ಸಾಮಾನ್ಯವಾಗಿ ಎಲೆಯ ಅಂಚು ಮೇಲೆ ಮಡಚುತ್ತದೆ, ಮೈಟ್ ಎಂಬ ನುಸಿ ಹತ್ತಿದರೆ ಕೆಳಗೆ; ಇದು ಗೊತ್ತಿರುವ ಅಧಿಕಾರಿಗೆ ಹುಡುಗ ಎಂಥವನೆಂದು ಬೇರೆ ಹೇಳಬೇಕಿಲ್ಲ. ಪುಟದಲ್ಲಿ ಜಾಗ ಸಾಲದಿದ್ದರೆ ‘ಪ್ರಾಮಾಣಿಕ, ಶ್ರಮಜೀವಿ, ಸದ್ಗುಣಶೀಲ’ ಸಾಲನ್ನು ತೆಗೆದುಬಿಡಿ, ಯಾರೂ ಕೇಳುವುದಿಲ್ಲ.