ಉಪಗ್ರಹ ಕಡಲನ್ನು ಅಳೆಯುವ ಬಗೆ: ಬಾವಿಕಟ್ಟೆಯಿಂದ ಶುರು ಮಾಡೋಣ

ಉಪಗ್ರಹದಿಂದ ಕಡಲಿನ ಮಟ್ಟ ಅಳೆಯುವ ಪಾಠ ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನಮ್ಮ ಕಾಸರಗೋಡಿನ ಉಪ್ಪಳ ಮುಸೋಡಿ ಕಡಲತೀರದಲ್ಲಿ ಮಳೆಗಾಲದ ಅಲೆ ಆಳೆತ್ತರ ಏಳುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇದರ ನಡುವೆ ವರ್ಷಕ್ಕೆ ನಾಲ್ಕೈದು ಮಿಲಿಮೀಟರ್ ಏರಿಕೆಯನ್ನು 1,336 ಕಿಲೋಮೀಟರ್ ಮೇಲಿಂದ ಹಿಡಿಯುವುದು ಹೇಗೆ? ಅರ್ಥವಾದದ್ದು ಮನೆಯ ಬಾವಿಯ ಹತ್ತಿರ.

ಬೇಸಿಗೆಯಲ್ಲಿ ನೀರು ಎಷ್ಟು ಇಳಿದಿದೆ ಅಂತ ಅಮ್ಮ ಹಗ್ಗದಲ್ಲೇ ಹೇಳುತ್ತಾರೆ. ಕೊಡಪಾನ ನೀರು ಮುಟ್ಟಿದ ಕೂಡಲೇ ಹಗ್ಗ ಸಡಿಲವಾಗುತ್ತದೆ. ಕಟ್ಟೆಯಿಂದ ಅಲ್ಲಿಗೆ ಎಷ್ಟು ಮಾರು ಅಂತ ಎಣಿಸಿದರೆ ಆಯಿತು. ಉಪಗ್ರಹದ ಹಗ್ಗ ರೇಡಾರ್ ಅಲೆ. ಅದು ನೀರಿಗೆ ತಾಗಿ ವಾಪಸ್ ಬರಲು ಸುಮಾರು 9 ಮಿಲಿಸೆಕೆಂಡ್ ಬೇಕು. ಆ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಕ್ಕಿತು.

ಆದರೆ ಬಾವಿಕಟ್ಟೆ ಇದ್ದಲ್ಲೇ ಇರುತ್ತದೆ, ಉಪಗ್ರಹ ಓಡುತ್ತಿರುತ್ತದೆ. ಕಟ್ಟೆ ಎಲ್ಲಿದೆ ಅಂತಲೇ ತಿಳಿಯದಿದ್ದರೆ ಹಗ್ಗ ಅಳೆದು ಏನು ಪ್ರಯೋಜನ, ಅಲ್ವಾ? ಅದಕ್ಕೇ ಜಿಪಿಎಸ್, ನೆಲದಿಂದ ಬಿಡುವ ಲೇಸರ್, ಡೋರಿಸ್ ಎಂಬ ರೇಡಿಯೋ ವ್ಯವಸ್ಥೆ ಎಲ್ಲ ಸೇರಿ ಭೂಮಿಯ ಒಂದು ನಿಗದಿತ ಆಧಾರ ಮಟ್ಟದಿಂದ ಉಪಗ್ರಹದ ಎತ್ತರವನ್ನು ಹೇಳುತ್ತವೆ. ಆ ಎತ್ತರದಿಂದ ರೇಡಾರ್ ದೂರವನ್ನು ಕಳೆಯಿರಿ. ಉಳಿದದ್ದು ಕಡಲಿನ ಮಟ್ಟ. ಬೇರೆಲ್ಲ ಮರೆತರೂ ಈ ಕಳೆಯುವ ಲೆಕ್ಕ ಮರೆಯಬೇಡಿ.

ಗಾಳಿಯ ತೇವ ರೇಡಾರ್ ಅಲೆಯನ್ನು ತಡ ಮಾಡುತ್ತದೆ. ನಮ್ಮಂಥ ಸೆಕೆಯ ಕರಾವಳಿಯಲ್ಲಿ ಇದನ್ನು ಬಿಟ್ಟರೆ ಹತ್ತಾರು ಸೆಂಟಿಮೀಟರ್ ತಪ್ಪಾಗಬಹುದು. ಹಾಗಾಗಿ ತೇವ ಅಳೆಯುವ ರೇಡಿಯೋಮೀಟರ್ ಉಪಗ್ರಹದಲ್ಲೇ ಇರುತ್ತದೆ. ಇನ್ನು ಅಲೆಗಳು? ಒಂದೊಂದು ಅಳತೆಯೂ ಕೆಲವು ಕಿಲೋಮೀಟರ್ ಅಗಲದ ನೀರಿನ ಸರಾಸರಿ. ಬಿಡಿ ಅಳತೆಯಲ್ಲಿ ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಇದ್ದೇ ಇದೆ. ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು ಲಕ್ಷಗಟ್ಟಲೆ ಅಳತೆ ತೆಗೆದು ಸರಾಸರಿ ಮಾಡಿದಾಗ ಮಿಲಿಮೀಟರ್ ಕಾಣಿಸುತ್ತದೆ.

1992ರಲ್ಲಿ ಟೋಪೆಕ್ಸ್ ಪೋಸೈಡನ್ ಎಂಬ ಉಪಗ್ರಹ ಹಾರಿತು. ಆಮೇಲೆ ಮೂರು ಜೇಸನ್‌ಗಳು, 2020ರಲ್ಲಿ ಸೆಂಟಿನೆಲ್-6. ಹಳೆಯದು ಇರುವಾಗಲೇ ಹೊಸದನ್ನು ಅದರ ಬೆನ್ನಿಗೇ ಓಡಿಸಿ ಎರಡನ್ನೂ ತಾಳೆ ನೋಡಿದರು. ಲೆಕ್ಕದ ಕೊಂಡಿ ಎಲ್ಲೂ ತಪ್ಪದಿರುವುದು ಅದರಿಂದಲೇ. 1993ರಿಂದ ಈಚೆಗೆ ಜಗತ್ತಿನ ಕಡಲು ಸರಾಸರಿ 10 ಸೆಂಟಿಮೀಟರ್‌ನಷ್ಟು ಏರಿದೆ. ಆಗ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಇದ್ದ ವೇಗ ಈಗ ಸುಮಾರು ಎರಡು ಪಟ್ಟಾಗಿದೆ. ನನಗೆ ಭಯ ಹುಟ್ಟಿಸುವುದು ಈ ವೇಗ.

ಒಂದು ತೊಡಕಿದೆ. ದಡದ ಹತ್ತಿರ ರೇಡಾರ್‌ಗೆ ನೀರಿನ ಜೊತೆ ನೆಲವೂ ಸಿಗುತ್ತದೆ, ಅಳತೆ ಕೆಡುತ್ತದೆ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಇಲ್ಲಿ ಮೇಲು. ಅದರ ಕೆಎ ಬ್ಯಾಂಡ್ (ಹೆಚ್ಚು ಆವರ್ತನದ) ರೇಡಾರ್ ಅಲೆ ನೀರಿನ ಮೇಲೆ ಚಿಕ್ಕ ಜಾಗಕ್ಕೆ ಬೀಳುವುದರಿಂದ ದಡಕ್ಕೆ ಇನ್ನಷ್ಟು ಹತ್ತಿರ ಅಳೆಯಬಹುದು. ಹಾಗಂತ ಮುಸೋಡಿಯ ಕಡಲ್ಕೊರೆತಕ್ಕೆಲ್ಲ ಈ ಮಿಲಿಮೀಟರೇ ಕಾರಣ ಅಂತ ಬರೆಯಬೇಡಿ. ಅಲೆಯ ಹೊಡೆತ, ಮರಳಿನ ಓಡಾಟವನ್ನೂ ನೋಡಬೇಕು.

ದಡದ ಲೆಕ್ಕಕ್ಕೆ ಬಂದರಿನ ಉಬ್ಬರ ಮಾಪಕವೂ ಬೇಕು. ಕೊಚ್ಚಿಯಲ್ಲಿ 1939ರಿಂದ ದಾಖಲೆ ಇದೆ. ಆದರೆ ಮಾಪಕ ನಿಂತ ನೆಲ ಕುಸಿದರೂ ನೀರು ಏರಿದಂತೆಯೇ ಕಾಣುತ್ತದೆ: ಬಾವಿಕಟ್ಟೆ ಒಂದು ಗೇಣು ಕೆಳಗಿಳಿದರೆ ಹಗ್ಗವೂ ಒಂದು ಗೇಣು ಕಡಿಮೆ ಸಾಕಾಗುತ್ತದಲ್ಲ, ಹಾಗೆ.