ಪದ ಪರಿಚಯ: ತೋಟದ ಕಟ್ಟಿಗೆ ಉಳಿಕೆ

ಹಣ್ಣಿನ ತೋಟದಲ್ಲಿ ಹಣ್ಣಿನ ಜೊತೆಗೇ ಇನ್ನೊಂದು ಫಸಲು ಬರುತ್ತದೆ, ಅದನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ದ್ರಾಕ್ಷಿ ಬಳ್ಳಿಯಿಂದ ಕತ್ತರಿಸಿ ಬೀಳಿಸಿದ ಕಡ್ಡಿ, ಸೇಬು, ಬಾದಾಮಿ, ಆಲಿವ್ ಮರಗಳಿಂದ ಸವರಿದ ರೆಂಬೆ, ಇಳುವರಿ ಕುಗ್ಗಿತೆಂದು ಬುಡಸಮೇತ ಕಿತ್ತ ಮುದಿ ಮರ, ಇಷ್ಟೂ ಸೇರಿ ತೋಟದ ಕಟ್ಟಿಗೆ ಉಳಿಕೆ. ಎಲೆಗಳಾಗಲಿ, ರಸ ಹಿಂಡಿದ ಮೇಲಿನ ಸಿಪ್ಪೆಯಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ. ಅವು ಒದ್ದೆಯಾದ, ಬೇಗ ಕೊಳೆಯುವ ವಸ್ತುಗಳು, ಗೊಬ್ಬರದ ಗುಂಡಿಗೋ ಗೋಬರ್ ಗ್ಯಾಸಿಗೋ ಹೊಂದುತ್ತವೆ. ಕಟ್ಟಿಗೆಯಾಗಿ ಬಲಿತದ್ದನ್ನು ಉರಿಸಿ ಶಾಖವನ್ನೋ ವಿದ್ಯುತ್ತನ್ನೋ ಪಡೆದರೆ ಅದು ಜೈವಿಕ ಶಕ್ತಿ ಎನಿಸಿಕೊಳ್ಳುತ್ತದೆ.

ಸವರಿದ ಕಡ್ಡಿ ವರ್ಷವರ್ಷವೂ ಸ್ವಲ್ಪಸ್ವಲ್ಪ ಸಿಗುವಂಥದ್ದು. ದ್ರಾಕ್ಷಿಯಲ್ಲಿ ಹೆಕ್ಟೇರಿಗೆ ಸುಮಾರು 1ರಿಂದ 3 ಟನ್. ತೋಟವನ್ನೇ ಕಿತ್ತಾಗ ಮಾತ್ರ ಹತ್ತಾರು ಟನ್ ಒಮ್ಮೆಗೇ ಸಿಗುತ್ತದೆ, ಆದರೆ ಅದಕ್ಕೆ ಎರಡು ದಶಕ ಕಾಯಬೇಕು.

ಉರಿಯುವ ಗುಣದಲ್ಲಿ ಕಡ್ಡಿ ಯಾವ ಸೌದೆಗೂ ಕಡಿಮೆಯಿಲ್ಲ. ಆಗತಾನೇ ಕತ್ತರಿಸಿದ್ದರಲ್ಲಿ ಅರ್ಧಕ್ಕೆ ಹತ್ತಿರ ನೀರೇ ಇರುತ್ತದೆ, ಆಗ ಕಿಲೋಗೆ 9 ಮೆಗಾಜೂಲ್ ಶಾಖ ಸಿಗುವುದೂ ಕಷ್ಟ. ಒಣಗಿಸಿ ತೇವವನ್ನು ಶೇ 15ಕ್ಕೆ ಇಳಿಸಿದರೆ ಅದು 15ರ ಹತ್ತಿರ ಹೋಗುತ್ತದೆ. ಹಾಗೆ ಒಣಗಿದ ಒಂದು ಟನ್ ಕಡ್ಡಿಯ ಶಾಖ ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ 20ಕ್ಕೂ ಹೆಚ್ಚಿಗೆ ಸಮ. ಒಲೆಯಲ್ಲಿ ಪೋಲಾಗುವುದನ್ನು ಕಳೆಯದೆ ಹೇಳುವ ಲೆಕ್ಕವಿದು.

ಹಾಗಿದ್ದೂ ಜಗತ್ತಿನಾದ್ಯಂತ ರೈತರು ಇದನ್ನು ಬದುವಿನಲ್ಲಿ ರಾಶಿ ಹಾಕಿ ಬೆಂಕಿಕಡ್ಡಿ ಗೀರುತ್ತಾರೆ. ಸೋಮಾರಿತನದಿಂದಲ್ಲ. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ದ್ರಾಕ್ಷಿ ಸಾಲಿನ ನಡುವೆ ಬಗ್ಗಿ ನೋಡಿದರೆ ಕಾರಣ ತಿಳಿಯುತ್ತದೆ: ಪೆನ್ಸಿಲ್ ದಪ್ಪದ, ಡೊಂಕುಡೊಂಕಾದ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನಡುವೆ ಕಟ್ಟಿದ ದಾರ, ತುಂಡು ತಂತಿ, ಕೆಳಗೆ ಮಣ್ಣು, ಬೆಣಚುಕಲ್ಲು. ಟ್ರ್ಯಾಕ್ಟರ್ ಟ್ರೇಲರ್ ತುಂಬ ಹೇರಿದರೂ ಅದರಲ್ಲಿ ಹೆಚ್ಚು ಪಾಲು ಗಾಳಿಯೇ. ಆದ್ದರಿಂದ ಸಾಲಿನಲ್ಲೇ ಕಡ್ಡಿಯನ್ನು ಎತ್ತಿ ಚೂರು ಮಾಡುವ ಅಥವಾ ಒತ್ತಿ ಸುರುಳಿ ಕಟ್ಟುವ ಯಂತ್ರ ಬೇಕು. ಯಂತ್ರದ ಬಾಡಿಗೆ, ಡೀಸೆಲ್, ಸಾಗಣೆ ಸೇರಿದರೆ ಉರುವಲಿನ ಬೆಲೆ ಏರುತ್ತದೆ. ಇದನ್ನು ಪುಕ್ಕಟೆ ಇಂಧನ ಎನ್ನುವವರು ಒಮ್ಮೆ ಕೂಲಿ ಕೊಟ್ಟು ನೋಡಬೇಕು.

ಇದು ಗೆದ್ದ ಕಡೆಗಳಲ್ಲೆಲ್ಲ ಸಾಗಿಸುವ ದೂರ ಕಡಿಮೆ. ಇಟಲಿಯ ಪುಲಿಯಾ ಪ್ರಾಂತ್ಯದ ಕಲಿಮೆರಾ ಎಂಬ ಊರಿನಲ್ಲಿ 1 ಮೆಗಾವಾಟ್‌ನ ಪುಟ್ಟ ವಿದ್ಯುತ್ ಸ್ಥಾವರವೊಂದು 2010ರಲ್ಲಿ ಸುತ್ತಲಿನ ಆಲಿವ್ ತೋಪುಗಳ ರೆಂಬೆಗಳನ್ನು ನಂಬಿ ಶುರುವಾಯಿತು. ರೈತರು ಮೊದಲು ತೋಪಿನಲ್ಲೇ ಸುಡುತ್ತಿದ್ದುದನ್ನು ಕಂಪನಿಯೇ ಬಂದು ಹೊತ್ತೊಯ್ಯುತ್ತದೆ. ಇವರ ಕಸ ಹೋಯಿತು, ಅವರಿಗೆ ಉರುವಲು ಬಂತು. ಆದರೆ ಆ ಊರಿರುವ ಲೆಚ್ಚೆ ಜಿಲ್ಲೆಯಲ್ಲೇ 2013ರಲ್ಲಿ ಜೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗಿ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿತು. ಒಂದೇ ಬೆಳೆಯ ಉಳಿಕೆಯನ್ನು ನೆಚ್ಚಿದ ಸ್ಥಾವರಕ್ಕೆ ಆ ಬೆಳೆಯ ರೋಗವೂ ತನ್ನದೇ.

ಸ್ಪೇನಿನ ವಿಲಾಫ್ರಾಂಕಾ ದೆಲ್ ಪೆನೆದೆಸ್ ಇನ್ನೂ ಜಾಣ ದಾರಿ ಹಿಡಿದಿದೆ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ದ್ರಾಕ್ಷಿ ಕಡ್ಡಿಯ ಚೂರನ್ನು ಬಾಯ್ಲರಿಗೆ ಹಾಕಿ, ಬಿಸಿನೀರಿನ ಕೊಳವೆಗಳ ಮೂಲಕ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುವ ಯೋಜನೆ ರೂಪಿಸಿದರು. ಸಣ್ಣ ವಿದ್ಯುತ್ ಸ್ಥಾವರದಲ್ಲಿ ಕಟ್ಟಿಗೆಯ ಶಕ್ತಿಯ ಕಾಲುಭಾಗ ವಿದ್ಯುತ್ತಾದರೆ ಹೆಚ್ಚು. ಒಳ್ಳೆಯ ಬಾಯ್ಲರ್ ಮುಕ್ಕಾಲಿಗೂ ಮೀರಿ ಶಾಖವಾಗಿ ಕೊಡುತ್ತದೆ.

ಬೂದಿಯ ತಕರಾರು ಬೇರೆ. ಸಿಪ್ಪೆ ತೆಗೆದ ದಪ್ಪ ಮರದಲ್ಲಿ ಬೂದಿ ಶೇ 1ನ್ನೂ ಮುಟ್ಟುವುದಿಲ್ಲ. ಕಡ್ಡಿಯಲ್ಲಿ ತೊಗಟೆಯ ಪಾಲೇ ಹೆಚ್ಚು, ಮಣ್ಣೂ ಮೆತ್ತಿಕೊಂಡಿರುತ್ತದೆ, ಹಾಗಾಗಿ ಬೂದಿ ಹಲವು ಪಟ್ಟು ಹೆಚ್ಚುತ್ತದೆ. ಅದು ಕರಗಿ ಗಟ್ಟಿಯಾಗಿ ಬಾಯ್ಲರಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಇದರ ಜೊತೆಗೆ ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನವರು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದರ ತಾಮ್ರ ತೊಗಟೆಯಲ್ಲಿ ಕೂತು ಕೊನೆಗೆ ಬೂದಿಗೆ ಸೇರುತ್ತದೆ. ಪೊಟ್ಯಾಷ್ ಇದೆಯೆಂದು ಆ ಬೂದಿಯನ್ನು ಪರೀಕ್ಷಿಸದೆ ಹೊಲಕ್ಕೆ ಎರಚಬಾರದು.

ಸುಡುವುದೇ ತಪ್ಪು, ಮಣ್ಣಿಗೆ ಸೇರಿಸಿ ಎನ್ನುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಕಿನ್ ಕಣಿವೆಯಲ್ಲಿ ತೋಟದ ಕಟ್ಟಿಗೆಯನ್ನು ಬಯಲಲ್ಲಿ ಸುಡುವುದಕ್ಕೆ 2025ರ ಆರಂಭದಿಂದ ಬಹುತೇಕ ತೆರೆ ಬಿದ್ದಿದೆ. ಹಿಂದೆ ಕಟ್ಟಿಗೆ ಕೊಳ್ಳುತ್ತಿದ್ದ ಹಲವು ವಿದ್ಯುತ್ ಸ್ಥಾವರಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಹಾಗಾಗಿ ಬಾದಾಮಿ ಬೆಳೆಗಾರರು ಇಡೀ ತೋಟವನ್ನೇ ಚೂರು ಮಾಡಿ, ನೆಲಕ್ಕೆ ಹರಡಿ ಉಳುತ್ತಿದ್ದಾರೆ. ಇದರಿಂದ ಮಣ್ಣಿನಲ್ಲಿ ಇಂಗಾಲವೂ ನೀರು ಹಿಡಿಯುವ ಶಕ್ತಿಯೂ ಹೆಚ್ಚುತ್ತವೆ. ಕಟ್ಟಿಗೆ ಕೊಳೆಯುವಾಗ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೊಸ ಸಸಿಗೆ ಮೊದಲ ವರ್ಷ ಹೆಚ್ಚು ಗೊಬ್ಬರ ಕೊಡಬೇಕಾಗುತ್ತದೆ. ರೋಗ ತಗಲಿದ ಕಡ್ಡಿಯ ಮಾತು ಬೇರೆ, ಅದನ್ನು ತೋಟದಿಂದ ಹೊರಗೆ ಸಾಗಿಸುವುದೇ ಲೇಸು.

ವಿಜಯಪುರದ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಏಪ್ರಿಲ್‌ನಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣು ಉಳಿಸಿ ಕತ್ತರಿಸುವುದರಿಂದ ಕಟ್ಟಿಗೆ ಹೆಚ್ಚು ಬೀಳುತ್ತದೆ. ಯುರೋಪಿನವರು ಚಳಿಗಾಲದ ತೇವದಲ್ಲಿ ಕತ್ತರಿಸಿ ತಿಂಗಳುಗಟ್ಟಲೆ ಒಣಗಿಸಿದರೆ, ಇಲ್ಲಿ 40 ಡಿಗ್ರಿ ಬಿಸಿಲು ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಶಾಖಕ್ಕೆ ಗಿರಾಕಿ ಯಾರು ಎಂಬುದೇ ಪ್ರಶ್ನೆ. ಮನೆ ಬೆಚ್ಚಗಿಡುವ ಅಗತ್ಯ ನಮಗಿಲ್ಲ, ಒಣದ್ರಾಕ್ಷಿ ಶೆಡ್ಡಿನ ನೆರಳಲ್ಲಿ ಗಾಳಿಗೇ ಒಣಗುತ್ತದೆ. ಉಳಿಯುವುದು ಇಟ್ಟಿಗೆ ಭಟ್ಟಿ ಮತ್ತು ಸಕ್ಕರೆ ಕಾರ್ಖಾನೆಯಲ್ಲಿ ಶಾಖವನ್ನೂ ವಿದ್ಯುತ್ತನ್ನೂ ಒಟ್ಟಿಗೆ ಕೊಡುವ ಕೋ-ಜನ್ ಘಟಕ. ಕಬ್ಬು ನುರಿಸುವ ಹಂಗಾಮು ಮುಗಿದು ಕಬ್ಬಿನ ಸಿಪ್ಪೆಯ ರಾಶಿ ಕರಗುವ ಹೊತ್ತಿಗೇ ಏಪ್ರಿಲ್ ಚಾಟ್ನಿ ಬರುತ್ತದೆ. ಕಾರ್ಖಾನೆ ಹತ್ತಿರವಿದ್ದು, ಕಡ್ಡಿಯನ್ನು ಸಾಲಿನಲ್ಲೇ ಚೂರು ಮಾಡಿ ಕೊಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಲೆಕ್ಕ ಕೂಡಬಹುದು.