ಕೊತ್ತಂಬರಿ ಬೀಜದಷ್ಟು ಕ್ಯಾನ್ಸರ್

ಕತ್ತಿಗೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡುವಾಗ ಥೈರಾಯ್ಡ್ ಗ್ರಂಥಿಯೊಳಗೆ ಕೊತ್ತಂಬರಿ ಬೀಜದಷ್ಟು ಗಂಟೊಂದು ಕಾಣುತ್ತದೆ. ನೋವಿಲ್ಲ, ಒತ್ತಿ ನೋಡಿದರೂ ಕೈಗೆ ಸಿಗುವುದಿಲ್ಲ. ಸೂಜಿ ಹಾಕಿ ಪರೀಕ್ಷಿಸಿದರೆ ವರದಿ ಬರುತ್ತದೆ: ಪ್ಯಾಪಿಲರಿ ಕ್ಯಾನ್ಸರ್, ಥೈರಾಯ್ಡ್ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಬಗೆ.

ದಕ್ಷಿಣ ಕೊರಿಯಾದಲ್ಲಿ ಸಾವಿರಾರು ಜನರಿಗೆ ಹೀಗಾಯಿತು. 1999ರಲ್ಲಿ ಅಲ್ಲಿನ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಬಂದವರೇ ಇನ್ನಷ್ಟು ದುಡ್ಡು ಕೊಟ್ಟು ಕತ್ತಿನ ಸ್ಕ್ಯಾನನ್ನೂ ಮಾಡಿಸಿಕೊಂಡರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಗಿತ್ತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ ಮುನ್ನೂರು, ನಾನೂರರ ಆಸುಪಾಸಿನಲ್ಲೇ ನಿಂತಿತ್ತು. ರೋಗವೇ ಅಷ್ಟು ಹೆಚ್ಚಿದ್ದರೆ ಸಾವು ಏರಬೇಕಿತ್ತು. ಬೇಗ ಪತ್ತೆಯಾಗಿ ಜೀವ ಉಳಿದಿದ್ದರೆ ಇಳಿಯಬೇಕಿತ್ತು. ಎರಡೂ ಆಗಲಿಲ್ಲ. ಅಂದರೆ ಸ್ಕ್ಯಾನಿನಲ್ಲಿ ಹೊಸದಾಗಿ ಸಿಕ್ಕವುಗಳಲ್ಲಿ ಹೆಚ್ಚಿನವು ಜೀವಕ್ಕೆ ಕುತ್ತು ತರದೆ ಸುಮ್ಮನೆ ಇರುವಂಥವು.

ಫಿನ್ಲೆಂಡಿನಲ್ಲಿ ಇದರ ಸುಳಿವು 1985ರಲ್ಲೇ ಸಿಕ್ಕಿತ್ತು. ಮರಣೋತ್ತರ ಪರೀಕ್ಷೆಗೆ ಬಂದ 101 ದೇಹಗಳ ಥೈರಾಯ್ಡನ್ನು ತೆಳುವಾಗಿ ಕೊಯ್ದು ನೋಡಿದರೆ, ಮೂರರಲ್ಲೊಂದರಲ್ಲಿ ಇಂಥ ಪುಟ್ಟ ಕ್ಯಾನ್ಸರ್!

ಕೊರಿಯಾದಲ್ಲಿ ಪತ್ತೆಯಾದವರಲ್ಲಿ ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಗ್ರಂಥಿ ಪೂರ್ತಿ ಹೋದರೆ ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಜೀವನಪರ್ಯಂತ. ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನಂಥ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಅವಕ್ಕೆ ಪೆಟ್ಟಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬೆರಳು, ತುಟಿ ಜುಮುಗುಡುತ್ತವೆ. ಅಲ್ಲಿನ ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಶೇ. 11ರಷ್ಟು ಮಂದಿಗೆ ಈ ತೊಂದರೆಯಾಗಿತ್ತು, ಶೇ. 2ರಷ್ಟು ಮಂದಿಗೆ ಧ್ವನಿಯ ನರಕ್ಕೇ ಏಟು ಬಿದ್ದಿತ್ತು. ಸುಮ್ಮನೆ ಇರುತ್ತಿದ್ದ ಗಂಟಿಗೆ ದನಿ ತೆತ್ತವರೂ ಇವರಲ್ಲಿದ್ದರೆಂದು ನೆನೆದರೆ ಸಂಕಟವಾಗುತ್ತದೆ. 2014ರಲ್ಲಿ ಅಲ್ಲಿನ ವೈದ್ಯರೇ ಕೆಲವರು ಒಟ್ಟಾಗಿ ಈ ಸ್ಕ್ಯಾನ್ ಬೇಡವೆಂದು ಬಹಿರಂಗ ಪತ್ರ ಬರೆದರು. ಒಂದೇ ವರ್ಷದಲ್ಲಿ ಆಪರೇಷನ್‌ಗಳು ಮೂರನೇ ಒಂದು ಭಾಗದಷ್ಟು ಇಳಿದವು.

ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಡಾ. ಅಕಿರಾ ಮಿಯಾವುಚಿ 1993ರಿಂದಲೇ ಬೇರೆ ದಾರಿ ಹಿಡಿದಿದ್ದರು. ಒಂದು ಸೆಂಟಿಮೀಟರ್‌ವರೆಗಿನ, ಎಲ್ಲೂ ಹರಡದ ಗಂಟುಗಳನ್ನು ಕೊಯ್ಯದೆ ಆಗಾಗ ಸ್ಕ್ಯಾನ್ ಮಾಡುತ್ತ ಕಾದರು. ಹತ್ತು ವರ್ಷದಲ್ಲಿ ಮೂರು ಮಿಲಿಮೀಟರ್ ಬೆಳೆದವು ನೂರಕ್ಕೆ ಎಂಟು ಮಾತ್ರ. ಬೆಳೆದ ಮೇಲೆ ಆಪರೇಷನ್ ಮಾಡಿಸಿಕೊಂಡವರೂ ಚೆನ್ನಾಗಿಯೇ ಇದ್ದರು. ಅಮೆರಿಕದ ಥೈರಾಯ್ಡ್ ತಜ್ಞರ ಸಂಘವೂ 2015ರಲ್ಲಿ, ಇಷ್ಟು ಸಣ್ಣ ಗಂಟುಗಳಿಗೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಬೇಡ, ಕ್ಯಾನ್ಸರ್ ನಾಲ್ಕು ಸೆಂಟಿಮೀಟರ್‌ವರೆಗಿದ್ದು ಹರಡಿಲ್ಲದಿದ್ದರೆ ಅರ್ಧ ಗ್ರಂಥಿ ತೆಗೆದರೂ ಸಾಕಾಗಬಹುದು ಎಂದಿತು.

ಕೈಗೆ ಸಿಗುವ ಗಂಟು, ವಾರಗಟ್ಟಲೆ ಸರಿಹೋಗದ ದನಿ, ನುಂಗಲು ಕಷ್ಟ: ಇವಿದ್ದರೆ ತಡ ಮಾಡಬಾರದು. ಏನೂ ಇಲ್ಲದೆ, ಹೆಲ್ತ್ ಚೆಕಪ್ಪಿನಲ್ಲಿ ಚುಕ್ಕೆ ಕಂಡಿದ್ದರೆ ಆಪರೇಷನ್ ದಿನ ಗೊತ್ತುಮಾಡುವ ಮುಂಚೆ ವೈದ್ಯರನ್ನು ಕೇಳಿ: ಗಂಟು ಎಷ್ಟು ಮಿಲಿಮೀಟರ್ ಇದೆ? ಹರಡಿದೆಯೇ? ಆರು ತಿಂಗಳು ಕಾದು ಇನ್ನೊಮ್ಮೆ ಸ್ಕ್ಯಾನ್ ಮಾಡಬಹುದೇ?